ಸೀಸೆಯೊಳಗಿನ ತಿಳಿನೀರು

ಸಂಶೋಧನೆಗೆ ಸೇರಿದ ವರ್ಷ ನಮ್ಮ ಮೇಷ್ಟ್ರು ಕೈಗೊಂದು ಸೀಸೆ ಕೊಟ್ಟು, "ನಿಮ್ಮ ಕಡೆ ಎಲ್ಲಕ್ಕಿಂತ ಹೊಲಸು ನೀರು ಎಲ್ಲಿದೆಯೋ ಅದನ್ನು ತುಂಬಿಸಿಕೊಂಡು ಬಾ" ಎಂದರು. ಬ್ಯಾಕ್ಟೀರಿಯಾ ತಿಂದು ಬದುಕುವ ವೈರಸ್ಸುಗಳಿವೆ. ಫೇಜ್ ಅಂತ ಹೆಸರು. ಅವು ಅಂಥ ನೀರಿನಲ್ಲೇ ಹೇರಳ. ರಜೆಗೆ ಬಂದವಳು ಕಂಪ್ಲಿಯ ಗಟಾರವೊಂದರಲ್ಲಿ ಮೂಗು ಮುಚ್ಚಿಕೊಂಡು ಸೀಸೆ ತುಂಬಿಸಿ, ಕಮಲಾಪುರದ ನಮ್ಮ ಮನೆಯ ಹಿತ್ತಿಲ ಕಟ್ಟೆಯ ಮೇಲಿಟ್ಟೆ. ಮರುದಿನ ಅಮ್ಮನೇ ಅದನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಪ್ರಯೋಗಾಲಯದಲ್ಲಿ ಬಿಚ್ಚಿದರೆ ನೀರು ತಿಳಿಯಾಗಿತ್ತು. ಕೆಸರು ತಳಕ್ಕೆ ಕೂತಿರಬೇಕು ಅಂದುಕೊಂಡೆ. ತಳ ನೋಡಲಿಲ್ಲ. ನನ್ನ ಬುದ್ಧಿಗಿಷ್ಟು!

ಆ ನೀರಿನಲ್ಲಿ ಒಂದು ಫೇಜ್ ಸಿಕ್ಕಿತು. ಅದಕ್ಕೊಂದು ತಲೆ, ಒಂದು ಬಾಲ. ಬಾಲದ ತುದಿಯ ಎಳೆಗಳಿಂದಲೇ ಅದು ತನ್ನ ಬ್ಯಾಕ್ಟೀರಿಯಾವನ್ನು ಹಿಡಿಯುವುದು. ಆ ಬಾಲ ಯಾವ ಪ್ರೋಟೀನುಗಳಿಂದ ಕಟ್ಟಿದ್ದು ಎಂದು ಪತ್ತೆಹಚ್ಚುವುದೇ ನನ್ನ ಕೆಲಸ. ಎರಡು ವರ್ಷ ಅದರ ಜೀನುಗಳನ್ನು ಓದಿದೆ. ಪ್ರೋಟೀನುಗಳ ಅಕ್ಷರಸಾಲುಗಳನ್ನು ಕಂಪ್ಯೂಟರಿಗೆ ಹಾಕಿ, ಜಗತ್ತಿಗೆ ಆಗಲೇ ಗೊತ್ತಿದ್ದ ಸಾಲುಗಳ ಜೊತೆ ಹೋಲಿಸಿದೆ. ಬಾಲದ ಕೊಳವೆ ಸಿಕ್ಕಿತು, ಅದರ ಹೊದಿಕೆ ಸಿಕ್ಕಿತು. ಎಳೆಗಳು ಉಳಿದಿದ್ದವು. ಅವುಗಳ ಫಲಿತಾಂಶ ಅಚ್ಚಾಗಿ ಬಂದ ದಿನವೇ, ತಂಗಿಗೆ ಜ್ವರ ಬಿಡುತ್ತಿಲ್ಲ ಎಂದು ಮನೆಯಿಂದ ಕಾಗದ ಬಂತು.

ಹಾಳೆಗಳನ್ನು ಮಡಚಿಕೊಂಡು ಹೊಸಪೇಟೆ ಬಸ್ಸು ಹತ್ತಿದೆ. ದಾರಿಯಲ್ಲಿ ಬಿಡಿಸಿ ನೋಡಿದರೆ ಎಳೆಗಳು ಎರಡು ಬಗೆ. ಒಂದು ನಮ್ಮ ಪ್ರಯೋಗಾಲಯದ ಸಾಧು ಬ್ಯಾಕ್ಟೀರಿಯಾವನ್ನು ಹಿಡಿಯುವಂಥದ್ದು. ಇನ್ನೊಂದು, ಸಾಲು ಸಾಲಾಗಿ, ಟೈಫಾಯಿಡ್ ರೋಗಾಣುವನ್ನು ಹಿಡಿಯುವ ಫೇಜಿನದನ್ನೇ ಹೋಲುತ್ತಿತ್ತು. ಫೇಜ್ ಇದ್ದಲ್ಲಿ ಅದರ ಮೇವೂ ಇರುತ್ತದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಹೋಲಿಕೆಯೇ ಸಾಕ್ಷಿಯಲ್ಲ, ಒಪ್ಪಿದೆ. ಆದರೂ ಆ ಹಾಳೆಯನ್ನು ಮತ್ತೆ ಮತ್ತೆ ಓದಿದೆ. ಪಾಪ, ಕಂಪ್ಲಿಯವರ ಗತಿಯೇನು ಎಂದು ದಾರಿಯುದ್ದಕ್ಕೂ ಮರುಗಿದೆ.

ಮನೆಯಲ್ಲಿ ತಂಗಿ ಚಾಪೆಗೆ ಅಂಟಿಕೊಂಡು ಮಲಗಿದ್ದಳು. ತುಟಿ ಒಡೆದಿತ್ತು. ನಾನು ಬಂದದ್ದೂ ಅವಳಿಗೆ ಸರಿಯಾಗಿ ತಿಳಿಯಲಿಲ್ಲ.

"ಹವಾ ಬದಲಾಗಿ ಬಂದದ್ದು, ಇಳೀತದ ಬಿಡು," ಎಂದಳು ಅಮ್ಮ, ಹಣೆಯ ಒದ್ದೆಬಟ್ಟೆ ಬದಲಿಸುತ್ತ. "ಅದೇನು, ಕೈಯಾಗ ಹಾಳಿ?"

"ಕಂಪ್ಲಿ ಗಟಾರದ ನೀರಾಗ ಟೈಫಾಯಿಡ್ ಹುಳ ಇರಬೇಕಮ್ಮಾ. ಆ ಕಡೆಯವರಿಗೆ ಜಲ್ದಿ ಹೇಳಿ ಕಳಿಸ್ಬೇಕು."

"ಅಯ್ಯ, ಆ ಹೊಲಸು ನೀರಾ? ಅದನ್ನ ಅವತ್ತೇ ಚೆಲ್ಲಿದೆನಲ್ಲೇ! ವಿದ್ಯಾ ಕಲಿಸೋ ಗುರುಗಳಿಗೆ ಅಂಥಾದ್ದು ಒಯ್ತಾರೇನು? ಸೀಸಿಗೆ ಹುಣಸಿಹಣ್ಣು ಹಚ್ಚಿ ತಿಕ್ಕಿ, ಮಡೀಲೆ ತಂದ ಕಾಲುವಿ ನೀರು ತುಂಬಿಸಿಟ್ಟಿದ್ದೆ. ನಾವು ಕುಡಿಯೋ ನೀರು."

ಅಷ್ಟರಲ್ಲಿ ತಂಗಿ ಕಣ್ಣು ಮುಚ್ಚಿಕೊಂಡೇ ನೀರು ಕೇಳಿದಳು. ಅಮ್ಮ ಆಗಲೇ ಕೊಡದಲ್ಲಿ ಲೋಟ ಅದ್ದಿದ್ದಳು.

"ಕೊಡಬ್ಯಾಡಮ್ಮಾ!" ಎಂದು ಚೀರಿ ಅವಳ ಮಣಿಕಟ್ಟು ಹಿಡಿದೆ. ಅರ್ಧ ನೀರು ನೆಲಕ್ಕೆ ಚೆಲ್ಲಿತು. ಹುಳ ಕಂಪ್ಲಿಯದಲ್ಲ, ಈ ಕೊಡದ್ದು ಎಂದು ಹೇಗೋ ಹೇಳಿದೆ. ಈಗಲೇ ಹೊಸಪೇಟೆ ಆಸ್ಪತ್ರೆಗೆ ಹೊರಡೋಣ ಎಂದೆ.

ಅಮ್ಮ ಲೋಟ ನೋಡಿದಳು. ತಂಗಿಯನ್ನು ನೋಡಿದಳು.

"ಎಂಟು ದಿನಾತು, ಇಕಿಗೆ ಒಂದು ತುತ್ತು ಅನ್ನ ಇಳಿದಿಲ್ಲ," ಎಂದಳು. "ಬರೇ ಇದೇ ನೀರು ಕುಡಿಸೀನಲ್ಲೇ, ನನ್ನ ಕೈಯಾರೆ."