ನಾಯಿಗೊಂದು ಸೋಮವಾರ

ಗೇಟಿನ ಬಳಿ ಸಿಕ್ಕ ಬೀದಿ ನಾಯಿಮರಿಯನ್ನು ಅಡೆತಡೆ ಓಟದ ಸ್ಪರ್ಧೆಗೆ ತಯಾರು ಮಾಡುವ ಹುಚ್ಚು ನಮ್ಮ ಮನೆಯವರಿಗೆ ಹಿಡಿದದ್ದು ವಿಮಾನ ನಗರದ ಒಂದು ಮೈದಾನದಲ್ಲಿ. ಅಲ್ಲಿ ನಾಯಿಗಳು ಅಡ್ಡಗೋಲು ಹಾರುತ್ತಿದ್ದವು, ಬಟ್ಟೆಯ ಸುರಂಗದೊಳಗೆ ನುಗ್ಗುತ್ತಿದ್ದವು, ಸಾಲಾಗಿ ನೆಟ್ಟ ಕೋಲುಗಳ ನಡುವೆ ಸುಳಿದು ಬರುತ್ತಿದ್ದವು. ನೋಡಿ ನಮ್ಮದೂ ಕುಣಿಯಿತು. ಇವರಿಗೆ ಅಷ್ಟೇ ಸಾಕಾಯಿತು.

ಕಾರ್ಖಾನೆಯಲ್ಲಿ ಜನರಿಗೆ ಪಾಳಿ ಹಾಕುವ ಮನುಷ್ಯ, ಮನೆಯಲ್ಲಿ ನಾಯಿಗೂ ಹಾಕಿದರು. ಸೋಮವಾರ ಹಾರುವುದು, ಮಂಗಳವಾರ ಸುರಂಗ, ಬುಧವಾರ ಕೋಲು. ಗುರುವಾರ ಇವರ ಕಾರ್ಖಾನೆಗೆ ವಾರದ ರಜೆ, ಹಾಗಾಗಿ ಅಂದು ನಾಯಿಗೆ ಮೂರೂ! ಮತ್ತೆ ಶುಕ್ರವಾರದಿಂದ ಅದೇ ಗಾಣ. ನಾನು ಚೇಷ್ಟೆ ಮಾಡುತ್ತಿದ್ದೆ, ಆದರೆ ಒಳಗೊಳಗೇ ಹೆಮ್ಮೆಯೂ ಇತ್ತು. ನಮ್ಮ ಮಕ್ಕಳು ಎಂದೂ ಅಷ್ಟು ಮಾತು ಕೇಳಿದವರಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ, ಕೊರಳ ಬೆಲ್ಟಿನ ಸದ್ದಿಗೆ ಬಾಗಿಲಿಗೆ ಓಡುತ್ತಿದ್ದ ನಾಯಿ ಮಂಚದ ಕೆಳಗೆ ಸೇರತೊಡಗಿತು. ಡಾಕ್ಟರು ಕಾಲು ಹಿಡಿದು ನೋಡಿ, ನೋವೇನಿಲ್ಲ, ದಣಿದಿದೆ ಎಂದರು. ಇವರು ಪಾಳಿ ಬಿಡಿಸಲಿಲ್ಲ, ಆಸೆ ಹಚ್ಚಲು ಇನ್ನೂ ರುಚಿಯಾದ ಬಿಸ್ಕತ್ತು ತಂದರು. ನನಗೆ ಮೈಯೆಲ್ಲ ಉರಿಯಿತು.

“ಅಲ್ರಿ, ನಮ್ಮ ತವರಿನ್ಯಾಗ ಸೋಮವಾರ ಎತ್ತಿನ ಹೆಗಲಿಗೆ ನೊಗಾ ಇಡೂದಿಲ್ಲ. ನಿಮಗ ಗುರುವಾರ ಅದ. ಇದಕ್ಕ ಯಾವ ವಾರರಿ?”

ಅವರು ಮಂಚದ ಪಕ್ಕ ನೆಲದ ಮೇಲೆ ಬೋರಲು ಮಲಗಿ, “ತಪ್ಪಾತಪ್ಪಾ, ಹೊರಗ ಬಾ” ಎಂದು ನಾಯಿಗೆ ಹೇಳಿದರು. ಅದು ಬರಲಿಲ್ಲ. ಅವರೂ ಏಳಲಿಲ್ಲ.

ಆಮೇಲೆ ಪಾಳಿ ಬದಲಾಯಿತು. ಒಂದು ದಿನ ಹಾರಿದರೆ ಮರುದಿನ ಬರೀ ತಿರುಗಾಟ, ಅದರ ಮರುದಿನ ಸುರಂಗವೋ ಕೋಲೋ, ಅದೂ ಬಾಲ ಆಡುವ ತನಕ ಮಾತ್ರ. ಸೋಮವಾರ ಏನೂ ಇಲ್ಲ. ಕೆಲವು ವಾರ ಕಳೆದು ಒಂದು ಸಂಜೆ ಬೆಲ್ಟು ಸದ್ದಾದಾಗ ನಾಯಿ ಚಾಪೆ ಮಡಚಿಹೋಗುವಂತೆ ಬಾಗಿಲಿಗೆ ಓಡಿತು. ನಾನು ಅತ್ತೇಬಿಟ್ಟೆ.

ಮುಂದಿನ ಸೋಮವಾರ ನಾನು ರೊಟ್ಟಿ ಬಡಿಯುತ್ತಿದ್ದೆ. ನಾಯಿ ನನ್ನ ಕಾಲ ಬಳಿ ನಿದ್ದೆ ಹೊಡೆಯುತ್ತಿತ್ತು. ಇವರು ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದರು.

“ಎತ್ತಿಗೆ ಅದ, ನನಗ ಅದ, ಇದಕ್ಕೂ ಆತು. ನಿಂದು ಯಾವ ವಾರ?”

ನನ್ನ ಕೈ ನಿಂತಿತು. ನಾಯಿಯ ಪರವಾಗಿ ಅಷ್ಟು ಜಗಳವಾಡಿದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಅವರು ನನ್ನನ್ನು ಸರಿಸಿ ಹಿಟ್ಟಿಗೆ ಕೈ ಹಾಕಿದರು. ಅವರು ಬಡಿದ ರೊಟ್ಟಿ ಮೂರು ಕಡೆ ಹರಿದಿತ್ತು. ಒಂದು ಚೂರು ನಾಯಿಗೆ ಹಾಕಿ, ಉಳಿದದ್ದನ್ನು ನಾನು ಬಿಸಿ ಇದ್ದಾಗಲೇ, ಕುಳಿತು ತಿಂದೆ.