‘ಹಿತೈಷಿ’ ಎಂಬ ಹೆಸರಿನ ಪ್ರೊಫೈಲ್

ಕೊರೊನಾ ಕಳೆದ ಮರುವರ್ಷ ನಾನು ಸುಳ್ಯ ತಾಲೂಕಿನ ಠಾಣೆಯೊಂದರಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿದ್ದೆ. ನಿವೃತ್ತಿ ಹತ್ತಿರ ಬಂದಿತ್ತು. ಸೈಬರ್ ಅಪರಾಧಗಳ ತರಬೇತಿ ಪಡೆದಿದ್ದರಿಂದ, ಮೊಬೈಲ್ ವಿಷಯದ ಹೆಂಗಸರ ದೂರುಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು.

ಪುಷ್ಪಾವತಿ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಗುತ್ತಿಗಾರು ಕಡೆಯವರು, ವಯಸ್ಸು ನಲವತ್ತರ ಒಳಗೆ. ಗಂಡ ಬೈಕ್ ಅಪಘಾತದಲ್ಲಿ ತೀರಿಕೊಂಡ ಮೇಲೆ ಕಾರು ಬಿಡುವುದನ್ನು ಕಲಿತು, ಸುಳ್ಯ ಪೇಟೆಯ ಡ್ರೈವಿಂಗ್ ಸ್ಕೂಲೊಂದರಲ್ಲಿ ತರಬೇತಿ ಕೊಡುವ ಕೆಲಸಕ್ಕೆ ಸೇರಿದ್ದರು. ವಾಸ ಮಾತ್ರ ಗಂಡನ ಮನೆಯಲ್ಲೇ, ಅತ್ತೆ ಮತ್ತು ನಾದಿನಿ ಭಾರತಿಯ ಜೊತೆ. ಕಲಿಸುವ ಪುಟ್ಟ ವಿಡಿಯೋಗಳನ್ನು ಸಾಮಾಜಿಕ ಜಾಲತಾಣದ ತಮ್ಮ ಪ್ರೊಫೈಲ್‌ನಲ್ಲಿ ಹಾಕುತ್ತಿದ್ದರು. ಅವನ್ನು ನೋಡಿಯೇ ಸ್ಕೂಲಿಗೆ ಜನ ಬರುತ್ತಿದ್ದರು.

ಆ ವಿಡಿಯೋಗಳ ಕೆಳಗೆ ‘ಹಿತೈಷಿ’ ಎಂಬ ಹೆಸರಿನವರೊಬ್ಬರು ಕಾಮೆಂಟ್ ಹಾಕುತ್ತಿದ್ದರು. ಬೈಗುಳವಲ್ಲ. ‘ಇವತ್ತು ಪಕ್ಕದಲ್ಲಿ ಕೂತವರು ಯಾರು?’, ‘ಗಂಡನ ನೆನಪು ಇಷ್ಟು ಬೇಗ ಹೋಯಿತಾ?’ ಇಂಥವು. ಕೆಲವು ಮನೆಯವರು ಹೆಣ್ಣುಮಕ್ಕಳನ್ನು ಬೇರೆ ಸ್ಕೂಲಿಗೆ ಕಳಿಸತೊಡಗಿದ್ದರು.

“ನೋಟಿಫಿಕೇಶನ್ ಬಂದ್ ಮಾಡಿಬಿಡಿ,” ಎಂದೆ. ಯಾರು ಕಾಮೆಂಟ್ ಹಾಕಿದರೂ ಫೋನ್ ಸದ್ದು ಮಾಡಿ ತಿಳಿಸುವ ವ್ಯವಸ್ಥೆ ಅದು.

“ಅದು ಹೇಗೆ ಆಗ್ತದೆ ಮೇಡಂ? ನಂಗೆ ಗೊತ್ತಾಗದಿದ್ರೆ ಅಳಿಸುದು ಯಾರು? ಅಷ್ಟೊತ್ತಿಗೆ ಊರೆಲ್ಲ ಓದಿ ಆಗಿರ್ತದೆ.”

ಹಿಂದಿನ ದಿನ ಕಲಿಯುವವರೊಬ್ಬರು ಸ್ಟೇರಿಂಗ್ ಹಿಡಿದಿದ್ದಾಗ ಫೋನ್ ಸದ್ದು ಮಾಡಿತ್ತಂತೆ. ಪುಷ್ಪಾವತಿ ಕೆಳಗೆ ನೋಡಿದರು. ಕಲಿಸುವವರ ಕಾಲಬಳಿ ಇರುವ ಇನ್ನೊಂದು ಬ್ರೇಕನ್ನು ಒತ್ತುವಷ್ಟರಲ್ಲಿ ಕಾರಿನ ಮುಂದಿನ ಚಕ್ರ ಚರಂಡಿಯ ಅಂಚಿಗೆ ಬಂದಿತ್ತು. ಇದನ್ನು ಹೇಳುವಾಗಲೂ ಅವರು ಎಡಗೈಯಲ್ಲಿ ಫೋನನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದರು.

ಪ್ರಕರಣ ದಾಖಲಿಸಿದರೆ ಜಾಲತಾಣದ ಕಂಪನಿಯಿಂದ ಮಾಹಿತಿ ತರಿಸಬಹುದು, ಆದರೆ ಅದಕ್ಕೆ ಸಮಯ ಹಿಡಿಯುತ್ತದೆ ಎಂದು ವಿವರಿಸಿದೆ. ಕೇಸು ಎಂದೊಡನೆ ಅವರ ಮುಖ ಬಾಡಿತು. “ಮನೆಯಲ್ಲಿ ಅತ್ತೆ ತಡೆದುಕೊಳ್ಳುದಿಲ್ಲ. ಬೇರೆ ಎಂತಾದ್ರೂ ದಾರಿ ಉಂಟಾ?”

ಇಬ್ಬರೂ ಕೂತು ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ಬದಲಾಯಿಸಿದೆವು. ಯಾರು ಬೇಕಾದರೂ ಕಾಮೆಂಟ್ ಹಾಕಬಹುದು ಎಂದಿದ್ದದ್ದನ್ನು ‘ಸ್ನೇಹಿತರು ಮಾತ್ರ’ ಎಂದು ಮಾಡಿದೆವು. ಕೆಲವು ಪದಗಳಿದ್ದ ಕಾಮೆಂಟ್ ತಾನಾಗಿಯೇ ಮರೆಯಾಗುವಂತೆ ಫಿಲ್ಟರ್ ಹಾಕಿದೆವು. ಆಗ ತಿಳಿಯಿತು, ‘ಹಿತೈಷಿ’ ಹೊರಗಿನವರಲ್ಲ, ಸ್ನೇಹಿತರ ಪಟ್ಟಿಯಲ್ಲೇ ಇದ್ದರು. ಪ್ರೊಫೈಲಿಗೆ ಹಾಕಿದ್ದ ದಾಸವಾಳದ ಚಿತ್ರ ನೋಡಿ, ಪರಿಚಯದ ಹೆಂಗಸು ಯಾರೋ ಇರಬೇಕೆಂದು ಸ್ನೇಹದ ಕೋರಿಕೆಯನ್ನು ಇವರೇ ಒಪ್ಪಿಕೊಂಡಿದ್ದರು. ಆ ಪ್ರೊಫೈಲನ್ನು ಬ್ಲಾಕ್ ಮಾಡಿ, ಸ್ವಂತ ಫೋಟೋ ಮನೆಯವರಿಗೆ, ಸಂಬಂಧಿಕರಿಗಷ್ಟೇ ಕಾಣುವಂತೆ ಹಾಕುವುದನ್ನು ಹೇಳಿಕೊಟ್ಟು, ನೋಟಿಫಿಕೇಶನ್ ಬಂದ್ ಮಾಡಿ ಕಳಿಸಿದೆ. ನನ್ನ ಮಟ್ಟಿಗೆ ಕೆಲಸ ಮುಗಿದಿತ್ತು.

ಮುಂದಿನ ವಾರ ಅವರು ಮತ್ತೆ ಬಂದರು. ಕಣ್ಣು ಕೆಂಪಾಗಿತ್ತು. ಈ ಸಲ ಕಾಮೆಂಟ್ ಅಲ್ಲ, ಹಿಂದಿನ ದಿನ ಹಾಕಿದ ತಮ್ಮ ಫೋಟೋ ಬಗ್ಗೆ ಬೇರೊಂದು ಹೆಸರಿನಿಂದ ನೇರ ಸಂದೇಶ: ‘ಹಳದಿ ಸೀರೆ ಚೆನ್ನಾಗಿದೆ. ಯಾರಿಗೆ ತೋರಿಸಲಿಕ್ಕೆ?’

“ಆ ಫೋಟೋವನ್ನು ಯಾರೆಲ್ಲ ನೋಡಬಹುದಿತ್ತು?”

“ಮನೆಯವರು, ಸಂಬಂಧಿಕರು ಅಷ್ಟೇ. ನೀವು ಹೇಳಿಕೊಟ್ಟ ಹಾಗೇ ಮಾಡಿದ್ದೆ.”

ಗೋಡೆ ಕಟ್ಟುತ್ತಾ ಹೋದಷ್ಟೂ ಆ ಮನುಷ್ಯ ಒಳಗೇ ಉಳಿಯುತ್ತಿದ್ದ. ಕೊನೆಗೆ ನಾನೊಂದು ಉಪಾಯ ಹೇಳಿದೆ. ಒಂದು ಫೋಟೋ ತವರಿನವರಿಗೆ ಮಾತ್ರ ಕಾಣುವಂತೆ, ಇನ್ನೊಂದು ಗಂಡನ ಕಡೆಯವರಿಗೆ ಮಾತ್ರ ಕಾಣುವಂತೆ ಹಾಕುವುದು. ಗಂಡನ ಕಡೆಯಲ್ಲಿ ಅಕೌಂಟ್ ಇದ್ದದ್ದು ಭಾರತಿಯೊಬ್ಬಳಿಗೇ. ಅದನ್ನು ಪುಷ್ಪಾವತಿ ನಗುತ್ತಲೇ ಹೇಳಿದ್ದರು.

ತವರಿನ ಫೋಟೋಗೆ ಮರುದಿನದವರೆಗೂ ಏನೂ ಬರಲಿಲ್ಲ. ಇನ್ನೊಂದನ್ನು ಅವರು ನನ್ನ ಮೇಜಿನ ಎದುರೇ ಕೂತು ಹಾಕಿದರು. ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಅದೇ ನಕಲಿ ಹೆಸರಿನಿಂದ ಸಂದೇಶ ಬಂತು.

“ಅವಳಲ್ಲ ಮೇಡಂ,” ಎಂದರು. “ನಾನು ಅತ್ತರೆ ಅವಳೇ ಅಲ್ವಾ ನೀರು ತಂದುಕೊಡುದು? ‘ಆ ಪ್ರೊಫೈಲೇ ತೆಗೆದುಬಿಡಿ ಅತ್ತಿಗೆ, ಕೆಲಸವೂ ಬೇಡ, ನಾನು ಹೊಲಿಗೆ ಮಾಡಿ ನೋಡಿಕೊಳ್ತೇನೆ’ ಅಂತ ಮೊನ್ನೆ ಹೇಳಿದ್ಲು.” ಹೇಳುತ್ತಾ ಹೇಳುತ್ತಾ ಆ ಮಾತಿನ ಅರ್ಥ ಅವರಿಗೇ ಹೊಳೆಯಿತು. ಧ್ವನಿ ಇಳಿಯಿತು. “ಸಂಜೆ ಬಸ್ಸು ಹತ್ತಿ ನಾನು ಹೋಗಬೇಕಾದ್ದು ಅಲ್ಲಿಗೇ. ಅವಳು ಬಡಿಸಿದ ಊಟವನ್ನೇ ಮಾಡಬೇಕಲ್ಲ. ಹೇಗೆ ಮೇಡಂ?”

ಅದಕ್ಕೆ ಬೇಕಾದ ಸೆಟ್ಟಿಂಗ್ ಯಾವ ಫೋನಿನಲ್ಲೂ ಇಲ್ಲ. ಆ ದಿನ ಅವರನ್ನು ಪುತ್ತೂರಿನಲ್ಲಿದ್ದ ಅಕ್ಕನ ಮನೆಗೆ ಕಳಿಸಿದೆ.

ಎರಡು ದಿನದ ನಂತರ ಅವರೇ ಭಾರತಿಯನ್ನು ಕರೆದುಕೊಂಡು ಬಂದರು. ಮೂವತ್ತು ದಾಟಿದ, ತೆಳ್ಳಗಿನ ಹೆಂಗಸು. ಮೊದಲು ಇಲ್ಲವೇ ಇಲ್ಲ ಎಂದಳು. ನಾನು ದನಿ ಏರಿಸಲಿಲ್ಲ, ಫೋನಿನಲ್ಲಿದ್ದ ಸಂದೇಶವನ್ನಷ್ಟೇ ತೋರಿಸಿದೆ. ಅವಳು ಅದನ್ನು ನೋಡಲಿಲ್ಲ, ಅತ್ತಿಗೆಯನ್ನೇ ನೋಡಿದಳು.

“ಅಣ್ಣ ಸತ್ತ ತಿರುವು ಉಂಟಲ್ಲ, ಅಲ್ಲೇ ಕಾರು ನಿಲ್ಲಿಸಿ ಇವರು ನಗ್ತಾ ರಿವರ್ಸ್ ತೆಗೆಯುದು ಕಲಿಸ್ತಾರೆ. ಇವರು ವಿಡಿಯೋ ಹಾಕಿದಾಗೆಲ್ಲ ನನ್ನ ಫೋನೂ ಸದ್ದು ಮಾಡ್ತದೆ ಮೇಡಂ. ನಂಗೆ ಅಲ್ಲಿ ರಸ್ತೆ ಮೇಲೆ ಬಿದ್ದ ಅಣ್ಣನೇ ಕಾಣುದು. ನಿಲ್ಲಿಸಿ ಅಂತ ಎದುರು ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ.”

ಪುಷ್ಪಾವತಿ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಮೇಜಿನ ಮೇಲೆ ಮಗುಚಿಟ್ಟರು. ಆಮೇಲೆ, “ಆ ತಿರುವಿನಲ್ಲಿ ಇನ್ನೊಬ್ಬರು ಸಾಯಬಾರದು ಅಂತಲೇ ನಾನು ಅಲ್ಲಿ ಕಲಿಸುದು ಭಾರತಿ,” ಎಂದರು. “ನೀನು ಒಂದು ಸಲ ಕೇಳಿದ್ರೆ ಹೇಳ್ತಿದ್ದೆ.”

ಭಾರತಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಅತ್ತಿಗೆ ಅವಳನ್ನು ಮುಟ್ಟಲಿಲ್ಲ. ನಕಲಿ ಪ್ರೊಫೈಲ್‌ಗಳನ್ನು ನನ್ನ ಎದುರೇ ಅಳಿಸಿಹಾಕಿಸಿದೆ. ಪುಷ್ಪಾವತಿ ಕೇಸು ಬೇಡವೆಂದರು. ಆದರೆ ಆ ಮನೆಗೆ ವಾಸಕ್ಕೆ ಹಿಂದಿರುಗಲಿಲ್ಲ. ಸುಳ್ಯದಲ್ಲಿ ಕೋಣೆ ಮಾಡಿಕೊಂಡರು, ರಜೆ ಇದ್ದಾಗ ಅತ್ತೆಯನ್ನು ನೋಡಿ ಬರುತ್ತಿದ್ದರು. ಭಾರತಿಯನ್ನು ಬ್ಲಾಕ್ ಮಾಡಲಿಲ್ಲ, ವಿಡಿಯೋ ಅವಳಿಗೆ ಕಾಣದಂತೆ ಮಾಡಿದರು ಅಷ್ಟೇ. ಅದು ಶಿಕ್ಷೆಯೋ ದಯೆಯೋ ನಾನು ಕೇಳಲಿಲ್ಲ.

ಅಲ್ಲಿಯವರೆಗೆ ಇಂಥ ದೂರು ಬಂದರೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, “ಯಾರ ಮೇಲೆ ಸಂಶಯ?” ಎಂಬುದಾಗಿತ್ತು. ದೂರು ತಂದವರು ಹೆಚ್ಚಾಗಿ ದೂರದವರ ಹೆಸರನ್ನೇ ಹೇಳುತ್ತಿದ್ದರು. ಮನೆಯವರ ಹೆಸರು ಬಾಯಿಗೆ ಬರುವುದು ಅಷ್ಟು ಸುಲಭವಲ್ಲ. ಆ ಪ್ರಕರಣದ ನಂತರ, ನಿವೃತ್ತಳಾಗುವವರೆಗೂ, ಫೋನನ್ನು ಕೈಗೆ ತೆಗೆದುಕೊಳ್ಳುವ ಮೊದಲು ನಾನು ಕೇಳುತ್ತಿದ್ದದ್ದು ಬೇರೆಯೇ: “ಇಲ್ಲಿಂದ ನೀವು ಎಲ್ಲಿಗೆ ಹೋಗ್ತೀರಿ? ಅಲ್ಲಿ ಯಾರೆಲ್ಲ ಇದ್ದಾರೆ?”