ಕಾಗದದಲ್ಲಿ ಕಪ್ಪಾದ ಮೆಟ್ಟಿಲು

ಗೋಣಿಚೀಲಗಳನ್ನು ಎಳೆದು ತೆಗೆದ ಕೂಡಲೇ ಆ ಮೆಟ್ಟಿಲಲ್ಲಿ ನನ್ನ ಮುಖ ಕಂಡಿತು. ಕೈಯಲ್ಲಿದ್ದ ಹೂವಿನ ತಟ್ಟೆಯನ್ನು ಬೀಳಿಸದೆ ಹೇಗೆ ಹಿಡಿದುಕೊಂಡೆನೋ ಆ ಗಣಪತಿಗೇ ಗೊತ್ತು. ಮೆಟ್ಟಿಲು ಒರಟಾಗಿರಬೇಕಿತ್ತು. ಒರಟಾಗಿರಲಿ ಎಂದೇ ನಮ್ಮ ಯಜಮಾನರು ಅದರ ನಕ್ಷೆ ಮಾಡಿಕೊಟ್ಟಿದ್ದರು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ಮುಲುಂಡ್‌ನ ಒಂದು ಸೊಸೈಟಿಯಲ್ಲಿದ್ದೆವು. ಕಾಂಪೌಂಡಿನ ಮೂಲೆಯಲ್ಲಿ ಸಣ್ಣ ಗಣಪತಿ ಗುಡಿ. ಮಳೆಗಾಲದಲ್ಲಿ ನೀರು ನುಗ್ಗುತ್ತದೆಂದು ಅದನ್ನು ಎತ್ತರಿಸಿ, ಕಲ್ಲಿನ ಮೆಟ್ಟಿಲು ಕಟ್ಟಿಸುವುದೆಂದು ಎಲ್ಲರೂ ಒಪ್ಪಿದರು. ಗುಡಿಯ ಮುಂದೆಯೇ ನಲ್ಲಿ. ಕಾಲು ತೊಳೆಯದೆ ಯಾರೂ ಹತ್ತುವವರಲ್ಲ. ಹಾಗಾಗಿ ಮೆಟ್ಟಿಲ ಮೇಲೆ ಬೀಳುವುದು ಯಾವಾಗಲೂ ಒದ್ದೆ ಕಾಲೇ.

ನಮ್ಮ ಅತ್ತೆಗೆ ಹಿಂದಿನ ವರ್ಷ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಇನ್ನೊಮ್ಮೆ ಬಿದ್ದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆದರೂ ಬೆಳಿಗ್ಗೆ ಗಣಪತಿಗೆ ನೀರು ಹಾಕದೆ ಅವರು ಕಾಫಿ ಮುಟ್ಟುತ್ತಿರಲಿಲ್ಲ. ಆ ಕಾಲಿಗೋಸ್ಕರವೇ ಇವರು ನಕ್ಷೆಯ ಕೆಲಸ ಕೇಳಿ ತೆಗೆದುಕೊಂಡದ್ದು.

ಇವರು ವಿಲೆ ಪಾರ್ಲೆಯ ಒಂದು ಆಫೀಸಿನಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಅಲ್ಲಿಗೆ ಆಗ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಅದನ್ನಿಟ್ಟ ಏ.ಸಿ. ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಂತೆ, ಮೊದಲ ದಿನ ಅದಕ್ಕೆ ಕುಂಕುಮವನ್ನೂ ಹಚ್ಚಿದ್ದರಂತೆ. ಅದನ್ನು ಕೇಳಿ ನನಗೂ ಆ ಯಂತ್ರದ ಮೇಲೆ ಒಂದಿಷ್ಟು ನಂಬಿಕೆ ಬಂತು. ಮೊದಲೆಲ್ಲ ಇವರು ಕೈಯಲ್ಲಿ ಬರೆಯುವಾಗ ಒರಟು ಕಲ್ಲೆಂದು ತೋರಿಸಲು ಅಂಚಿನಲ್ಲಿ ಅಷ್ಟಿಷ್ಟು ಚುಕ್ಕೆ ಇಟ್ಟು ನಡುವೆ ಖಾಲಿ ಬಿಡುತ್ತಿದ್ದರು. ಕಂಪ್ಯೂಟರಾದರೋ ಇವರು ಹೇಳಿದ ತಕ್ಷಣ ಇಡೀ ಮೆಟ್ಟಿಲಿಗೆ ಚುಕ್ಕೆ ತುಂಬಿಬಿಟ್ಟಿತಂತೆ. ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಉಳಿ ಹೊಡೆದ ಕಲ್ಲೇ ಎನ್ನುವ ಹಾಗಿತ್ತಂತೆ. ಚಿತ್ರವೇ ಹೇಳುವಾಗ ಅಕ್ಷರದಲ್ಲಿ ಬೇರೆ ಬರೆಯುವುದೇಕೆಂದು ಬಿಟ್ಟರು. ನಕ್ಷೆಯನ್ನು ಸೊಸೈಟಿಯ ಸೆಕ್ರೆಟರಿಗೆ ಕೊಟ್ಟು, ಆಫೀಸಿನ ಕೆಲಸದ ಮೇಲೆ ಊರು ಬಿಟ್ಟು ಹೋದವರು ಮಂಗಳವಾರ ಬಂದಿದ್ದ ಅಂಗಾರಕಿ ಸಂಕಷ್ಟಿಯ ಹಿಂದಿನ ದಿನವೇ ಬಂದದ್ದು. ಅಷ್ಟರಲ್ಲಿ ಕಲ್ಲು ಕೂರಿಸಿ, ಸಿಮೆಂಟು ಹದವಾಗಲೆಂದು ಒದ್ದೆ ಗೋಣಿ ಹೊದಿಸಿಯಾಗಿತ್ತು.

ಅಂಗಾರಕಿಯ ಬೆಳಿಗ್ಗೆ ಗೋಣಿ ತೆಗೆದರೆ, ಕಪ್ಪಗೆ ಫಳಫಳ ಹೊಳೆಯುವ ಗ್ರಾನೈಟ್. ಎಲ್ಲರೂ ಕೈಮುಗಿದರು. "ಶೀಶೆ ಜೈಸಾ ಹೈ, ಭಾಭೀಜಿ," ಎಂದು ಸೆಕ್ರೆಟರಿ ನನ್ನ ಕಡೆ ತಿರುಗಿ ಹಿಗ್ಗಿದರು. ಕನ್ನಡಿಯ ಹಾಗಿದೆ ಎಂಬುದೇ ನನ್ನ ಎದೆ ಹೊಡೆದುಕೊಳ್ಳಲು ಕಾರಣವೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಕಟ್ಟಡಕ್ಕೆಲ್ಲ ಹಿರಿಯರೆಂದು ಮೊದಲು ಹತ್ತುವ ಮರ್ಯಾದೆಯನ್ನು ಅತ್ತೆಗೇ ಕೊಟ್ಟರು. ಅವರು ಆಗಲೇ ಕಾಲು ತೊಳೆದುಕೊಂಡಿದ್ದರು.

"ಅತ್ತೆ, ನಿಲ್ಲಿ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಎರಡನೆಯ ಮೆಟ್ಟಿಲಲ್ಲಿ ಅವರ ಪಾದ ಎಣ್ಣೆಯ ಮೇಲಿಟ್ಟಂತೆ ಜಾರಿ ಹೋಯಿತು. ತಾಮ್ರದ ತಂಬಿಗೆ ಸದ್ದು ಮಾಡುತ್ತ ಉರುಳಿತು.

ಅವರು ಬಿದ್ದದ್ದು ಪಕ್ಕಕ್ಕೆ ರಾಶಿ ಹಾಕಿದ್ದ ಗೋಣಿಚೀಲಗಳ ಮೇಲೆ. ಎಕ್ಸ್‌ರೇ ತೆಗೆದಾಗ ಮಣಿಕಟ್ಟು ಮುರಿದಿತ್ತು, ಸೊಂಟಕ್ಕೆ ಏನೂ ಆಗಿರಲಿಲ್ಲ. ಚೀಲವನ್ನು ಯಾರೂ ಮಡಿಸಿ ಒಳಗಿಡದೇ ಇದ್ದದ್ದು ಆ ಗಣಪತಿಯ ಒಂದು ದಯೆ. ಮುರಿದದ್ದು ಎಡಗೈ, ಅದು ಇನ್ನೊಂದು. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಇಂಥವನ್ನೇ ಹುಡುಕಿ ಹುಡುಕಿ ನೆನೆಯುತ್ತಿದ್ದೆ.

ಸಂಜೆ ಇವರು ಕಲ್ಲು ಕೂರಿಸಿದ ಗೌಂಡಿಯನ್ನು ಕರೆಸಿದರು. ವಿಜಾಪುರದ ಕಡೆಯವನು, ಪಾಪ, ಅವನೂ ಬಿಳಿಚಿಕೊಂಡಿದ್ದ. ಮಡಿಸಿಟ್ಟಿದ್ದ ಕಾಗದವನ್ನು ತೆಗೆದು ಕೊಟ್ಟ. "ಇದರಾಗ ಮೆಟ್ಟಲಾ ಎಲ್ಲಾ ಕರ್ರಗ ಅದಾವ್ರೀ ಸಾಹೇಬ್ರ. ಕರೀ ಗ್ರಾನೈಟ್ ಅಂತ ತಿಳಕೊಂಡ್ವಿ. ದೇವರ ಗುಡಿ ಅಲ್ರೀ, ಅದಕ್ಕ ಛಲೋ ಪಾಲಿಶ್ ಮಾಡಿದ್ದ ತಂದ್ವಿ."

ಸೆಕ್ರೆಟರಿಗೂ ಹಾಗೇ ಅನಿಸಿತ್ತಂತೆ. ದೇವರಿಗೆ ಕೊಡುವಾಗ ಹೊಳೆಯುವುದನ್ನು ಬಿಟ್ಟು ಒರಟನ್ನು ಯಾರು ಕೊಟ್ಟಾರು? ಒಬ್ಬರೂ ಇವರನ್ನು ಕೇಳಲಿಲ್ಲ. ಇವರು ಕಾಗದವನ್ನು ದೀಪದ ಕೆಳಗೆ ಹಿಡಿದರು. ದೊಡ್ಡ ನಕ್ಷೆಯನ್ನು ಸೊಸೈಟಿಯವರು ಒಂದು ಸಣ್ಣ ಹಾಳೆಗೆ ಕುಗ್ಗಿಸಿ, ಅದರ ಜೆರಾಕ್ಸ್ ಮಾಡಿಸಿದ್ದರು. ಚುಕ್ಕೆಗಳೆಲ್ಲ ಒಂದಕ್ಕೊಂದು ಅಂಟಿ ಮೆಟ್ಟಿಲುಗಳು ಕಾಡಿಗೆ ಬಳಿದ ಪಟ್ಟಿಗಳಾಗಿದ್ದವು.

"ಇದು ನಾನು ಬರೆದಿದ್ದಲ್ಲ," ಎಂದರು. ಸ್ವಲ್ಪ ಹೊತ್ತು ನೋಡಿ, "ಅಲ್ಲ, ನಾನು ಬರೆದಿದ್ದೇ," ಎಂದರು. ಅವರ ಮುಖ ಹಾಗೆ ಕಳೆಗುಂದಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಹೊಸ ನಕ್ಷೆಯಲ್ಲಿ ಒಂದೇ ಮೆಟ್ಟಿಲನ್ನು ದೊಡ್ಡದಾಗಿ ಬರೆದರು. ಮೂಲೆಯಲ್ಲಿ ಅಂಗೈಯಷ್ಟು ಜಾಗಕ್ಕೆ ಮಾತ್ರ ಬಿಡಿಬಿಡಿಯಾಗಿ ಚುಕ್ಕೆ, ಉಳಿದದ್ದು ಖಾಲಿ. ಅಲ್ಲಿಂದ ಒಂದು ಬಾಣ ಎಳೆದು, ಪೂರ್ತಿ ಉಳಿ ಹೊಡೆದು ಒರಟು ಮಾಡಬೇಕೆಂದು ಹಿಂದಿಯಲ್ಲೂ ಕನ್ನಡದಲ್ಲೂ ಬರೆದರು. ಅದನ್ನು ಕುಗ್ಗಿಸಿ ಜೆರಾಕ್ಸ್ ಮಾಡಿಸಿ, ಅಡುಗೆಮನೆಗೆ ಬಂದು ಬರೆದ ಅಕ್ಷರವನ್ನು ಬೆರಳಿನಿಂದ ಮುಚ್ಚಿ ನನ್ನ ಮುಂದೆ ಹಿಡಿದರು.

"ಏನು ಕಾಣುತ್ತೆ ಹೇಳು."

"ತರಿತರಿಯಾಗಿದೆ," ಎಂದೆ. ಆಮೇಲೆಯೇ ಅವರು ಊಟಕ್ಕೆ ಕುಳಿತದ್ದು.

ದೇವರಿಗೆ ಒಪ್ಪಿಸಿದ ಕಲ್ಲನ್ನು ಕೆತ್ತಿ ಕೆಡಿಸುವುದು ಬೇಡವೆಂದು ಸೆಕ್ರೆಟರಿ ನಮ್ಮ ಮನೆಗೇ ಬಂದು ಕುಳಿತರು. ಮಂಚದ ಮೇಲಿಂದ ಅತ್ತೆ, "ಗಣಪತಿಗೆ ಕನ್ನಡಿ ಬೇಕಿದ್ರೆ ಗೋಡೆಗೆ ಹಾಕಿಸೋಕೆ ಹೇಳು. ನನ್ನ ಕಾಲಡಿಗೆ ಯಾಕಂತೆ?" ಎಂದರು. ಹಿಂದಿಯಲ್ಲಿ ತಿಳಿಸುವಾಗ ನಾನು ಅದಕ್ಕೆ ಸ್ವಲ್ಪ ಸಕ್ಕರೆ ಬೆರೆಸಿದೆ. ಸೆಕ್ರೆಟರಿ ಪ್ಲಾಸ್ಟರ್ ಹಾಕಿದ ಕೈಯನ್ನೊಮ್ಮೆ ನೋಡಿ ಒಪ್ಪಿಕೊಂಡರು.

ಉಳಿಪೆಟ್ಟು ಮುಗಿದ ಮರುದಿನವೇ ಅತ್ತೆ ಹೊರಟರು. ಬೇಡವೆಂದರೆ ಕೇಳುವ ಜೀವವಲ್ಲ. ನಾನು ಹಿಂದೆ, ಇವರು ಪಕ್ಕದಲ್ಲಿ, ಇಬ್ಬರೂ ಉಸಿರು ಬಿಗಿಹಿಡಿದು ಹತ್ತಿದೆವು. ಅವರು ನೀರು ಹಾಕಿ, ಕಣ್ಮುಚ್ಚಿ ನಿಂತು, ಅದೇ ಒದ್ದೆ ಕಾಲಲ್ಲಿ ಇಳಿದು ಬಂದು ಮಗನನ್ನು ದುರುಗುಟ್ಟಿ ನೋಡಿದರು.

"ಹಿಮ್ಮಡಿಯೆಲ್ಲ ಕಿತ್ತು ಬಂತಲ್ಲೋ. ಇಷ್ಟಾ ಒರಟು ಮಾಡಿಸೋದು?"

ಇವರು ನಲ್ಲಿಯಲ್ಲಿ ಕೈ ಒದ್ದೆ ಮಾಡಿಕೊಂಡು, ಮೆಟ್ಟಿಲ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಅಂಗೈಯನ್ನು ಕಲ್ಲಿಗೆ ಒತ್ತಿ ಉಜ್ಜಿದರು. ಕೈ ಜಾರಲಿಲ್ಲ. ಮತ್ತೆ ಉಜ್ಜಿದರು.